ಕಾಲಿಗೂ ಸ್ಟೆಂಟ್ ಹಾಕ್ತಾರಾ?

ಸ್ಟೆಂಟ್ ಅಂದ ಕೂಡಲೇ ನಮ್ಮ ಕೈ ತಾನಾಗಿ ಎದೆಯ ಮೇಲೆ ಹೋಗುತ್ತದೆ. ಅದನ್ನು ಮೊಣಕಾಲಿನ ಕೆಳಗೂ ಹಾಕುತ್ತಾರೆ ಅಂತ ನನಗೆ ಗೊತ್ತಾದದ್ದು, ಅಪ್ಪನ ಕಾಲು ತೆಗೆಯಬೇಕಾಗಬಹುದು ಎಂದು ಒಬ್ಬ ವೈದ್ಯರು ಹೇಳಿದ ಮೇಲೆಯೇ.

ಅಪ್ಪನಿಗೆ ಹದಿನೆಂಟು ವರ್ಷದಿಂದ ಸಕ್ಕರೆ ಕಾಯಿಲೆ. ಜೊತೆಗೆ ಬೀಡಿ. ಚಪ್ಪಲಿ ಕಚ್ಚಿ ಬಲಗಾಲಿನ ಕಿರುಬೆರಳಿಗೆ ಆದ ಗಾಯ ಎರಡು ತಿಂಗಳಾದರೂ ಮಾಯಲಿಲ್ಲ, ಬೆರಳು ಕಪ್ಪಾಯಿತು. ರಾತ್ರಿ ಮಲಗಿದರೆ ಪಾದವೆಲ್ಲ ಉರಿ. ಎದ್ದು ಕಾಲನ್ನು ಮಂಚದಿಂದ ಇಳಿಬಿಟ್ಟು ಕೂತರೆ ಸ್ವಲ್ಪ ಆರಾಮ. ಅಮ್ಮ ವಾತ ಅಂತ ಎಣ್ಣೆ ಹಚ್ಚುತ್ತಿದ್ದರು. ಆದರೆ ಇದು ರಕ್ತ ಸಾಲದ ಕಾಲಿನ ಲಕ್ಷಣವಂತೆ. ಇಳಿಬಿಟ್ಟಾಗ ಭೂಮಿಯ ಸೆಳೆತಕ್ಕೆ ಒಂದಿಷ್ಟು ರಕ್ತ ಪಾದಕ್ಕೆ ಇಳಿಯುತ್ತೆ, ಅಷ್ಟೇ. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ರಾತ್ರಿಯೆಲ್ಲ ಕೂತೇ ಕಳೆಯುತ್ತಿದ್ದರೆ ದಯವಿಟ್ಟು ತಡ ಮಾಡಬೇಡಿ.

ಮೊಣಕಾಲಿನ ಕೆಳಗೆ ಇರುವುದು ಮೂರು ಮುಖ್ಯ ರಕ್ತನಾಳ, ಅಗಲ ಹೆಚ್ಚುಕಡಿಮೆ 2ರಿಂದ 4 ಮಿಲಿಮೀಟರ್. ಅಪ್ಪನಿಗೆ ಎರಡು ಪೂರ್ತಿ ಮುಚ್ಚಿದ್ದವು, ಮೂರನೆಯದು ದಾರದಷ್ಟು. ವಿಚಿತ್ರ ಏನೆಂದರೆ, ತೋಳಿನ ಬಿಪಿಯನ್ನೂ ಪಾದದ ಗಂಟಿನ ಬಿಪಿಯನ್ನೂ ಹೋಲಿಸುವ ಪರೀಕ್ಷೆಯಲ್ಲಿ ಅವರ ಅಂಕಿ ಚೆನ್ನಾಗಿಯೇ ಬಂದಿತ್ತು. ಅದು 0.9ಕ್ಕಿಂತ ಕಡಿಮೆ ಇದ್ದರೆ ತೊಂದರೆ ಎಂದು ಲೆಕ್ಕ. ಆದರೆ ಸಕ್ಕರೆ ಕಾಯಿಲೆಯವರಲ್ಲಿ ನಾಳದ ಗೋಡೆಗೆ ಸುಣ್ಣ ಕಟ್ಟಿ ಗಟ್ಟಿಯಾಗಿರುತ್ತದೆ, ಪಟ್ಟಿ ಬಿಗಿದರೂ ಒತ್ತಿಕೊಳ್ಳುವುದಿಲ್ಲ, ಅಂಕಿ ಸುಳ್ಳು ಹೇಳುತ್ತೆ. ಡಾಪ್ಲರ್, ಹೆಬ್ಬೆರಳಿನ ಬಿಪಿ ನೋಡಿದ ಮೇಲೆಯೇ ನಿಜ ಹೊರಬಿತ್ತು.

ಎರಡನೇ ಅಭಿಪ್ರಾಯಕ್ಕೆ ರಕ್ತನಾಳದ ಸರ್ಜನ್ ಹತ್ತಿರ ಹೋದೆವು. ಮೊದಲು ಕ್ರಿಯಾಟಿನಿನ್ ನೋಡಿದರು, ಚುಚ್ಚುವ ಬಣ್ಣ ಕಿಡ್ನಿಗೆ ಭಾರ. ಆಮೇಲೆ ತೊಡೆಸಂದಿಗೆ ಮರಗಟ್ಟಿಸಿ, ಅಲ್ಲಿಂದ ಕೂದಲಿನಂಥ ತಂತಿ ಇಳಿಸಿ, ಬಲೂನು ಊದಿ ದಾರಿ ಬಿಡಿಸಿದರು. ಮೊಣಕಾಲಿನ ಕೆಳಗೇ ಒಂದು ಕಡೆ ಬಲೂನು ತೆಗೆದ ಕೂಡಲೇ ನಾಳ ಮತ್ತೆ ಕುಗ್ಗಿತು. ಅಲ್ಲಿ ಮಾತ್ರ ಔಷಧಿ ಲೇಪಿಸಿದ ಪುಟ್ಟ ಸ್ಟೆಂಟ್. ಪಾದದ ಗಂಟಿನ ಹತ್ತಿರ ಹಾಕಲ್ವಾ ಅಂದೆ. ಅಲ್ಲಿ ಕಾಲು ಮಡಚುತ್ತೆ, ಹೊರಗಿನ ಒತ್ತಡವೂ ಬೀಳುತ್ತೆ, ಲೋಹ ಜಜ್ಜಿಹೋಗಬಹುದು ಅಂದರು. ಅಪ್ಪ ಇಡೀ ಹೊತ್ತು ಎಚ್ಚರವಾಗಿದ್ದು ನರ್ಸ್ ಜೊತೆ ಅಡಿಕೆ ರೇಟು ಮಾತಾಡುತ್ತಿದ್ದರಂತೆ!

ಈ ವಿದ್ಯೆ ಹುಟ್ಟಿದ್ದೇ ಕಾಲಿನಲ್ಲಿ, ಹೃದಯದಲ್ಲಲ್ಲ. 1964ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಡಾ. ಚಾರ್ಲ್ಸ್ ಡಾಟರ್, ಕಾಲು ಕತ್ತರಿಸಲು ಒಪ್ಪದ 82 ವರ್ಷದ ಅಜ್ಜಿಯೊಬ್ಬರ ನಾಳವನ್ನು ಕೊಳವೆ ತೂರಿಸಿ ಬಿಡಿಸಿದರು. ಆಕೆ ಕೊನೆಯವರೆಗೂ ಸ್ವಂತ ಕಾಲಲ್ಲೇ ನಡೆದರು. ಹೃದಯಕ್ಕೆ ಬಲೂನು ಬಂದದ್ದು 1977ರಲ್ಲಿ.

ಸ್ಟೆಂಟ್ ಎಲ್ಲರಿಗೂ ಅಲ್ಲ. ಉದ್ದಕ್ಕೂ ಮುಚ್ಚಿದ್ದು, ಒಳ್ಳೆಯ ಸಿರೆ ಇದ್ದರೆ ಬೈಪಾಸ್ ಮೇಲಾಗಬಹುದು. ಇಷ್ಟು ಸಣ್ಣ ನಾಳ ಮತ್ತೆ ಮುಚ್ಚುವುದೂ ಸಾಮಾನ್ಯ. ಅದಕ್ಕೇ ಕೆಲವು ವರ್ಷಗಳಲ್ಲಿ ಕರಗಿಹೋಗುವ ಸ್ಟೆಂಟಿಗೆ 2024ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದೆ. 261 ರೋಗಿಗಳ ಪರೀಕ್ಷೆಯಲ್ಲಿ, ನಾಳ ಮತ್ತೆ ಮುಚ್ಚದೆ, ಕಾಲೂ ಹೋಗದೆ ಒಂದು ವರ್ಷ ಕಳೆದವರು ಅದರಲ್ಲಿ ಶೇ. 74, ಬರೀ ಬಲೂನಿನಲ್ಲಿ ಶೇ. 44.

"ಹತ್ತು ವರ್ಷದ ಗ್ಯಾರಂಟಿ ಕೇಳಬೇಡಿ, ಗಾಯ ಮಾಯುವಷ್ಟು ದಿನ ರಕ್ತ ಹರಿದರೆ ನಾವು ಗೆದ್ದಂತೆ" ಎಂದಿದ್ದರು ಡಾಕ್ಟರ್. ಕಿರುಬೆರಳು ಹೋಯಿತು. ಗಾಯ ಮುಚ್ಚಲು ಹನ್ನೊಂದು ವಾರ ಹಿಡಿಯಿತು. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ನಡೆಯುತ್ತಿವೆ, ಬೀಡಿ ನಿಂತಿದೆ. ರಾತ್ರಿ ಊಟವಾದ ಮೇಲೆ ಅಮ್ಮ ಮೊಬೈಲ್ ಟಾರ್ಚ್ ಹಿಡಿದು ಎರಡೂ ಅಂಗಾಲು ನೋಡುತ್ತಾರೆ. "ದಿನಾ ಏನಿರುತ್ತೆ ಅಲ್ಲಿ?" ಅಂತ ಅಪ್ಪ ಗೊಣಗಿದರೂ ಕಾಲು ಮಾತ್ರ ಚಾಚಿಕೊಂಡೇ ಕೂತಿರುತ್ತಾರೆ.