ಮಳೆಗಾಲದ ಜಗಲಿಯಲ್ಲಿ ಮಾತಿನ ಮಹಾಭಾರತ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮಳೆ ಹಿಡಿಯಿತೆಂದರೆ ಬಯಲಾಟದವರು ಗೆಜ್ಜೆ ಬಿಚ್ಚಿಡುವ ಕಾಲ. ರಂಗಸ್ಥಳ ಹಾಕುವ ಗದ್ದೆಯಲ್ಲಿ ನೀರು ನಿಂತಿರುತ್ತದೆ. ಆದರೆ ಯಕ್ಷಗಾನದ ನಂಟು ಅಷ್ಟಕ್ಕೇ ಕಡಿಯುವುದಿಲ್ಲ. ದೇವಸ್ಥಾನದಲ್ಲೋ, ಅಡಿಕೆ ತೋಟದ ಮನೆಯ ಜಗಲಿಯಲ್ಲೋ ಒಂದು ಜಮಖಾನ ಹಾಸಿದರೆ ಸಾಕು, ತಾಳಮದ್ದಲೆಗೆ ವೇದಿಕೆ ಸಿದ್ಧ.

ಇಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ತಾಳ ಹಿಡಿದು ಪ್ರಸಂಗದ ಪದ್ಯ ಹಾಡುತ್ತಾರೆ. ಮದ್ದಲೆ, ಚೆಂಡೆ ಜೊತೆಗೂಡುತ್ತವೆ. ಪದ್ಯ ಮುಗಿದೊಡನೆ ಎದುರುಬದುರಾಗಿ ಕುಳಿತ ಅರ್ಥಧಾರಿಗಳ ಮಾತು ಶುರು. ಪದ್ಯ ಪುಸ್ತಕದಲ್ಲಿದೆ, ಮಾತು ಯಾವ ಪುಸ್ತಕದಲ್ಲೂ ಇಲ್ಲ. ಅದು ಆಗಲೇ ಹುಟ್ಟಬೇಕು.

ವಾಲಿವಧೆಯ ಪ್ರಸಂಗವನ್ನೇ ನೋಡಿ. ಬಾಣ ತಗುಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮವೆಂದು ರಾಮನನ್ನು ಕೇಳುತ್ತಾನೆ. ಪದ್ಯದಲ್ಲಿ ಕೆಲವೇ ಸಾಲು. ಜಗಲಿಯಲ್ಲಿ ಅದೇ ಅರ್ಧ ಗಂಟೆಯ ವಾದ. ವಾಲಿ ಸಾಯುವುದು ನಿಶ್ಚಿತ, ವಾದದಲ್ಲಿ ಗೆಲ್ಲುವವರು ಯಾರೆಂಬುದು ನಿಶ್ಚಿತವಲ್ಲ. ಎದುರಿನವರು ಎಸೆಯುವ ಪ್ರಶ್ನೆ ಮೊದಲೇ ತಿಳಿಯದು. ಹಾಗೆಂದು ಬಾಯಿಗೆ ಬಂದದ್ದನ್ನು ಆಡುವಂತಿಲ್ಲ. ಪಾತ್ರದ ಗೌರವ ಉಳಿಯಬೇಕು, ಕಥೆಯ ಜಾಡು ತಪ್ಪಬಾರದು, ಮಾತು ಮುಂದಿನ ಪದ್ಯಕ್ಕೆ ದಾರಿ ಬಿಡಬೇಕು.

ದೇರಾಜೆ ಸೀತಾರಾಮಯ್ಯ (1914–1984), ಶೇಣಿ ಗೋಪಾಲಕೃಷ್ಣ ಭಟ್ಟ (1918–2006) ಮೊದಲಾದ ಕರಾವಳಿಯ ಹಿರಿಯರು ಈ ಅರ್ಥಗಾರಿಕೆಯನ್ನು ವಿದ್ವತ್ತಿನ ಎತ್ತರಕ್ಕೇರಿಸಿದರು. ಶೇಣಿಯವರ ವಾಲಿಯನ್ನು ಕೇಳಿದವರು ಇಂದಿಗೂ ನೆನೆಯುತ್ತಾರೆ.

ಅಮೆರಿಕದ ಶಿಕಾಗೊದಲ್ಲಿ 1986ರಲ್ಲಿ ಮಾರ್ಕ್ ಸ್ಮಿತ್ ಎಂಬ ಕವಿ 'ಪೊಯಟ್ರಿ ಸ್ಲಾಮ್' ಎಂಬ ಕಾವ್ಯ ಸ್ಪರ್ಧೆಯನ್ನು ಬೆಳೆಸಿದರು. ಕವಿಗಳು ಮೂರು ನಿಮಿಷದಲ್ಲಿ ಸ್ವಂತ ಕವಿತೆಯನ್ನು ಆಡಿ ತೋರಿಸುತ್ತಾರೆ. ಸಭಿಕರಲ್ಲೇ ಕೆಲವರು ಅಂಕ ಕೊಡುತ್ತಾರೆ. ಕೇಳುಗರನ್ನೇ ತೀರ್ಪುಗಾರರನ್ನಾಗಿ ಮಾಡಿದ್ದು ಅದರ ಹೆಚ್ಚುಗಾರಿಕೆ. ಮಲೆನಾಡಿನ ಜಗಲಿಗೆ ಇದು ಹೊಸದಲ್ಲ. ಇಲ್ಲಿ ಅಂಕವಿಲ್ಲ ನಿಜ. ಆದರೆ ಕವಳ ಹಾಕುತ್ತ ಕುಳಿತ ಅಜ್ಜ ಒಮ್ಮೆ ತಲೆದೂಗಿದರೆ ಅರ್ಥಧಾರಿಗೆ ಅದೇ ಬಹುಮಾನ; ಅವರು ಮುಖ ತಿರುಗಿಸಿದರೆ ಅದೇ ದಂಡ.

ಈ ಕಲೆಗೆ ಇಂದು ಕೊರತೆಯಾಗುತ್ತಿರುವುದು ಇಂಥ ಕೇಳುಗರು. ಮಾತಿಗೆ ಜನ ಇನ್ನೂ ಇದ್ದಾರೆ. ಮಹಿಳೆಯರ ತಂಡಗಳೂ ಮುಂದೆ ಬಂದಿವೆ. ಆದರೆ ರಾತ್ರಿಯಿಡೀ ನಡೆಯುತ್ತಿದ್ದ ಕೂಟಗಳು ಮೂರು-ನಾಲ್ಕು ಗಂಟೆಗೆ ಇಳಿದಿವೆ. ಮನೆಯ ಮಕ್ಕಳು ಕೆಲಸ ಹುಡುಕಿ ಬೆಂಗಳೂರು ಸೇರಿದ್ದಾರೆ. ಮೊಬೈಲಿನಲ್ಲಿ ಧ್ವನಿಮುದ್ರಣ ಸಿಗುತ್ತದೆ, ಸಂತೋಷ. ಆದರೆ ತಲೆದೂಗುವವರು ಎದುರಿಗಿಲ್ಲದಿದ್ದರೆ ಮಾತಿಗೆ ಕಾವು ಏರುವುದಿಲ್ಲ. ಕಥೆ ಬಲ್ಲವನಿಗಷ್ಟೇ ವಾದದ ಸೂಕ್ಷ್ಮ ತಿಳಿಯುತ್ತದೆ. ಕೇಳುಗ ಸೂಕ್ಷ್ಮ ಬಲ್ಲವನಾದರೆ ಮಾತ್ರ ಅರ್ಥಧಾರಿ ಎಚ್ಚರದಿಂದಿರುತ್ತಾನೆ. ಒಂದು ತಪ್ಪಿದರೆ ಇನ್ನೊಂದೂ ತಪ್ಪುತ್ತದೆ.

ಎದುರಿನವರ ಮಾತನ್ನು ಪೂರ್ತಿ ಕೇಳಿ, ಅದನ್ನೇ ಹಿಡಿದು ಉತ್ತರಿಸುವುದು ಪಠ್ಯಪುಸ್ತಕದಿಂದಷ್ಟೇ ಬರುವ ವಿದ್ಯೆಯಲ್ಲ. ಈ ಮಳೆಗಾಲದಲ್ಲಿ ನಿಮ್ಮೂರಿನಲ್ಲಿ ತಾಳಮದ್ದಲೆ ಇದ್ದರೆ ಮಕ್ಕಳನ್ನೂ ಕರೆದೊಯ್ಯಿರಿ. ಹೊರಡುವ ಮೊದಲು ಕಥೆಯನ್ನಷ್ಟು ಹೇಳಿಬಿಡಿ. ಉಳಿದದ್ದನ್ನು ವಾಲಿ, ರಾಮರೇ ನೋಡಿಕೊಳ್ಳುತ್ತಾರೆ.