ಚಹಾ ಬಣ್ಣದ ನೀರು ಕೊಳಕಲ್ಲ

ಗ್ರಂಥಾಲಯದ ಬಾಗಿಲ ಬಳಿಯ ಅಕ್ವೇರಿಯಂ ನೋಡಿದವರೆಲ್ಲ ಈಗ ಕೇಳುವುದು ಒಂದೇ: "ನೀರು ಯಾಕೆ ಚಹಾದ ಬಣ್ಣಕ್ಕೆ ತಿರುಗಿದೆ? ಯಾವಾಗ ಬದಲಿಸುತ್ತೀರಿ?" ಮೂರು ತಿಂಗಳ ಹಿಂದೆ ಅದೇ ತೊಟ್ಟಿ ಪಾಚಿ ಹಿಡಿದು ವಾಸನೆ ಬರುತ್ತಿದ್ದಾಗ ಯಾರೂ ಏನೂ ಕೇಳಿರಲಿಲ್ಲ. ಖಾಲಿ ಮಾಡಿ ಗುಜರಿಗೆ ಹಾಕುವ ಮಾತು ನಡೆದಿತ್ತು. ಆದರೆ ಒಳಗೆ ಮೂರು ಗೌರಾಮಿ ಮೀನುಗಳು ಇನ್ನೂ ಬದುಕಿದ್ದವು. ಹಾಗಾಗಿ ನಾನು ಮತ್ತು ವಿಜ್ಞಾನ ವಿಭಾಗದ ಇಬ್ಬರು ಗೆಳೆಯರು ಒಂದು ತಿಂಗಳ ಸಮಯ ಕೇಳಿ ಪಡೆದೆವು.

ಗೌರಾಮಿ ಮಾತ್ರ ಉಳಿದದ್ದಕ್ಕೆ ಕಾರಣವಿದೆ. ಕಿವಿರಿನ ಜೊತೆಗೆ ಅದಕ್ಕೆ ಗಾಳಿಯನ್ನು ನೇರವಾಗಿ ಬಳಸುವ ಇನ್ನೊಂದು ಅಂಗವಿದೆ. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ತೆಗೆದುಕೊಂಡು ಹೋಗುತ್ತದೆ. ನೀರಿನಲ್ಲಿ ಕರಗಿದ ಆಮ್ಲಜನಕವನ್ನೇ ನಂಬಿದ ಮೀನುಗಳಿಗೆ ಆ ಅನುಕೂಲವಿಲ್ಲ.

ಮೊದಲ ಹದಿನೈದು ದಿನ ಬರೀ ಸ್ವಚ್ಛತೆಯ ಕೆಲಸ. ನೀರನ್ನೆಲ್ಲ ಒಮ್ಮೆಗೇ ಚೆಲ್ಲಬಾರದು. ಹಳೆಯ ನೀರಿಗೆ ಒಗ್ಗಿದ ಮೀನು ದಿಢೀರ್ ಬದಲಾವಣೆ ತಾಳದೆ ಸಾಯಬಹುದು. ಮೂರು ದಿನಕ್ಕೊಮ್ಮೆ ಕಾಲು ಭಾಗ ಮಾತ್ರ ಬದಲಿಸಿದೆವು. ಪೈಪಿನಿಂದ ತಳದ ಕೆಸರು ಎಳೆದು, ಕೊಳೆತ ಗಿಡ ತೆಗೆದೆವು. ಕಟ್ಟಿಗೆಗೆ ಅಂಟಿದ್ದ ಜಾವಾ ಫರ್ನ್ ಬುಡ ಹಸಿರಾಗಿತ್ತು, ಅದನ್ನು ಉಳಿಸಿಕೊಂಡೆವು. ಫಿಲ್ಟರ್ ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಡಿಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿದೆವು. ಮೀನಿನ ತ್ಯಾಜ್ಯದಿಂದ ಬರುವ ವಿಷಕಾರಿ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಆ ಸ್ಪಾಂಜಿನಲ್ಲೇ ಇರುತ್ತವೆ. ನಲ್ಲಿ ನೀರಿನ ಕ್ಲೋರಿನ್ ಅವುಗಳನ್ನು ಕೊಲ್ಲುತ್ತದೆ. ದಿನವಿಡೀ ಉರಿಯುತ್ತಿದ್ದ ದೀಪವನ್ನು ಆರು ಗಂಟೆಗೆ ಇಳಿಸಿದೆವು. ಪಾಚಿಗೆ ಬೇಕಾದದ್ದೇ ಬೆಳಕು.

ಇಷ್ಟಾದ ಮೇಲೆ ಎಲೆ. ಸೈಕಲ್ ಸ್ಟ್ಯಾಂಡ್ ಬಳಿಯ ಕಾಡು ಬಾದಾಮಿ ಮರದಿಂದ ತಾನಾಗಿ ಉದುರಿ ಒಣಗಿದ ಕಂದು ಎಲೆಗಳನ್ನೇ ಆರಿಸಿದೆವು. ಹಸಿ ಎಲೆ ಬೇಗ ಕೊಳೆತು ನೀರು ಕೆಡಿಸುತ್ತದೆ. ಔಷಧ ಸಿಂಪಡಿಸಿದ ಮರದ ಎಲೆಯೂ ಬೇಡ. ತೊಳೆದು, ಮನೆಯ ಹಳೆಯ ದೇಗ್ಚಿಯಲ್ಲಿ ಹತ್ತು ನಿಮಿಷ ಕುದಿಸಿದೆ. "ಇದಕ್ಕೆ ಸಕ್ಕರೆ ಎಷ್ಟು ಹಾಕಲಿ?" ಎಂದು ದಾದಿ ನಕ್ಕರು. ಸುಮಾರು 55 ಲೀಟರ್ ನೀರಿಗೆ ಎರಡೇ ಎಲೆ. ಹೆಚ್ಚು ಹಾಕಿದರೆ ಕೊಳೆಯುವಾಗ ಆಮ್ಲಜನಕ ಕಡಿಮೆಯಾಗುತ್ತದೆ.

ಎಲೆಯಿಂದ ಬಿಡುವ ಟ್ಯಾನಿನ್‌ನಿಂದ ಈ ಬಣ್ಣ ಬರುತ್ತದೆ. ಚಹಾಪುಡಿಯಲ್ಲೂ ಟ್ಯಾನಿನ್ ಇದೆ. ಬ್ರೆಜಿಲ್‌ನ ರಿಯೋ ನೀಗ್ರೋ ನದಿಯ ನೀರು ಕಾಡಿನ ಎಲೆಗಳು ಕೊಳೆತೇ ಕಪ್ಪಾಗಿ ಕಾಣುತ್ತದೆ. ಅಂಗಡಿಗಳಲ್ಲಿ ಸಿಗುವ ಕಾರ್ಡಿನಲ್ ಟೆಟ್ರಾ ಅಂಥ ನೀರಿನ ಮೀನು. ಬಣ್ಣದ ನೀರು ಬೆಳಕನ್ನು ಸ್ವಲ್ಪ ತಡೆಯುವುದರಿಂದ ಪಾಚಿ ನಿಧಾನವಾಗುತ್ತದೆ. ಜಾವಾ ಫರ್ನ್‌ಗೆ ಕಡಿಮೆ ಬೆಳಕು ಸಾಕು. ಎಲೆಯ ಮೇಲೆ ಬರುವ ಬಿಳಿ ಪೊರೆ ನೋಡಿ ಗಾಬರಿಯಾಗಬೇಡಿ, ಅದು ಬಸವನಹುಳುವಿನ ಊಟ.

ಎಲೆ ಹಾಕಿದರೆ ನೀರು ಆಮ್ಲೀಯವಾಗುತ್ತದೆ ಎನ್ನುತ್ತಾರೆ. ನಮ್ಮಲ್ಲಿ ಪಿಎಚ್ ಕಾಗದದ ಬಣ್ಣ ಹೆಚ್ಚುಕಡಿಮೆ ಮೊದಲಿನಂತೆಯೇ ಇತ್ತು. ಬೋರ್‌ವೆಲ್‌ನ ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ಆ ಅಲ್ಪ ಆಮ್ಲವನ್ನು ನುಂಗಿಬಿಡುತ್ತದೆ. ಎಲೆ ಔಷಧಿಯೂ ಅಲ್ಲ. ನೀರು ಬದಲಿಸದೆ ಬರೀ ಎಲೆ ಹಾಕಿದ್ದರೆ ಕೊಳೆಯುವ ವಸ್ತು ಇನ್ನೊಂದು ಸೇರುತ್ತಿತ್ತು, ಅಷ್ಟೆ.

ಕಾಮರ್ಸ್‌ನವನಾಗಿ ಲೆಕ್ಕವನ್ನೂ ಒಪ್ಪಿಸುತ್ತೇನೆ: ಪೈಪಿಗೆ 40 ರೂಪಾಯಿ, ಎಲೆಗೆ ಸೊನ್ನೆ. ಗುಜರಿಯ ಮಾತು ಸದ್ಯ ನಿಂತಿದೆ. ಮೂರೂ ಮೀನು ಚೆನ್ನಾಗಿವೆ, ಫರ್ನ್‌ನಲ್ಲಿ ಐದು ಹೊಸ ಎಲೆ ಬಂದಿವೆ.

ದಯವಿಟ್ಟು ಬಿಸ್ಕತ್ ಹಾಕಬೇಡಿ. ಪರೀಕ್ಷೆ ಮುಗಿದ ಮೇಲಿನ ರಜೆಯಲ್ಲಿ ವಾರಕ್ಕೊಮ್ಮೆ ನೀರು ಬದಲಿಸಲು ನಾಲ್ವರು ಬೇಕು. ಪಟ್ಟಿ ಗ್ರಂಥಾಲಯದ ಕೌಂಟರ್ ಮೇಲಿದೆ. ಇದುವರೆಗೆ ಎರಡು ಹೆಸರು ಬಂದಿವೆ.