ಬಹುವಾರ್ಷಿಕ ಕಾಯಿಪಲ್ಲೆಗಳು: ಬೆಳಗಾವಿಯ ಅಂಗಳ, ಖಾನಾಪುರದ ಹಿತ್ತಿಲು

2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಂದಿ ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ, ಆರು ತಿಂಗಳು ದಾಟಿದವರಲ್ಲಿ ಶೇ. 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆಯಿದೆ. ಪಡಿತರದ ಅಕ್ಕಿಯಿಂದ ಹೊಟ್ಟೆ ತುಂಬಿದರೂ ಕಬ್ಬಿಣ, ಸುಣ್ಣಾಂಶ, ‘ಎ’ ಜೀವಸತ್ವಗಳು ಸಾಲದೆ ಹೋಗುವ ಈ ಸ್ಥಿತಿಗೆ ‘ಮರೆಯ ಹಸಿವು’ ಎಂದು ಹೆಸರು.

ಈ ಕೊರತೆ ನೀಗಲು ಹಿತ್ತಿಲ ಗಿಡಗಳು ನೆರವಾಗಬಲ್ಲವು. ಒಮ್ಮೆ ನೆಟ್ಟರೆ ಹಲವು ವರ್ಷ ಸೊಪ್ಪು, ಕಾಯಿ, ಗೆಡ್ಡೆಗಳನ್ನು ಕೊಡುತ್ತಲೇ ಇರುವ ಗಿಡ, ಬಳ್ಳಿ, ಮರಗಳೇ ಬಹುವಾರ್ಷಿಕ ಕಾಯಿಪಲ್ಲೆಗಳು. 2020ರಲ್ಲಿ ಪ್ರಕಟವಾದ ಒಂದು ಜಾಗತಿಕ ಅಧ್ಯಯನವು ಕೃಷಿಯಲ್ಲಿರುವ ಇಂಥ 613 ಜಾತಿಗಳನ್ನು ಗುರುತಿಸಿತು. ಆದರೆ ಜಗತ್ತಿನ ತರಕಾರಿ ಭೂಮಿಯಲ್ಲಿ ಇವುಗಳ ಪಾಲು ಕೇವಲ ಶೇ. 6. ಪೇಟೆಗೆ ಒಗ್ಗುವ ಬೆಳೆಗೆ ದೊರೆತ ಗಮನ ಹಿತ್ತಿಲಿಗೆ ಒಗ್ಗುವ ಗಿಡಕ್ಕೆ ದೊರೆಯದಿರುವುದು ವಿಷಾದದ ಸಂಗತಿ.

ಇವುಗಳಲ್ಲಿ ಮೊದಲ ಸ್ಥಾನ ನುಗ್ಗೆಯದು. ಅದರ 100 ಗ್ರಾಂ ಹಸಿ ಎಲೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು, 300 ಮಿಲಿಗ್ರಾಂ ಮೀರಿದ ಸುಣ್ಣಾಂಶ ಹಾಗೂ ದೇಹದಲ್ಲಿ ‘ಎ’ ಜೀವಸತ್ವವಾಗಿ ಮಾರ್ಪಡುವ ಕೆರೋಟಿನು ಹೇರಳವಾಗಿವೆ. ಮಗುವಿನ ತಟ್ಟೆಗೆ 100 ಗ್ರಾಂ ಬಹಳವೇ ಆದುದರಿಂದ, ಎಂದೋ ಒಮ್ಮೆ ಹೆಚ್ಚು ಬಡಿಸುವುದಕ್ಕಿಂತ ವಾರದಲ್ಲಿ ಹಲವು ದಿನ ಒಂದೊಂದು ಹಿಡಿ ಸೊಪ್ಪನ್ನು ಬೇಳೆಯೊಡನೆ ಮುದ್ದಿಪಲ್ಯ ಮಾಡಿ ಉಣಿಸುವುದೇ ಹೆಚ್ಚು ಫಲಕಾರಿ. ಕೆರೋಟಿನು ಮೈಗೂಡಲು ಒಗ್ಗರಣೆಯ ಎಣ್ಣೆಯೂ, ಸೊಪ್ಪಿನ ಕಬ್ಬಿಣ ಹೀರಿಕೆಯಾಗಲು ಊಟದೊಡನೆ ಹಿಂಡಿದ ನಿಂಬೆರಸವೂ ನೆರವಾಗುತ್ತವೆ.

ಆದರೆ ಎಲ್ಲ ನೆಲಕ್ಕೂ ನುಗ್ಗೆ ಹೊಂದುವುದಿಲ್ಲ. ಬೆಳಗಾವಿ ನಗರದ ಅಂಗಳದಲ್ಲಿ ಸೊಗಸಾಗಿ ಬೆಳೆಯುವ ಈ ಮರ, ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿಗಳಂಥ ಖಾನಾಪುರ ತಾಲ್ಲೂಕಿನ ಪಡುವಣ ಸೆರಗಿನ ಜಡಿಮಳೆಯಲ್ಲಿ ಬುಡಕ್ಕೆ ನೀರು ನಿಂತರೆ ಬೇರು ಕೊಳೆತು ಸಾಯುತ್ತದೆ. ಅಲ್ಲಿ ನುಗ್ಗೆಯನ್ನು ನೀರು ಬಸಿದುಹೋಗುವ ಎತ್ತರದ ದಿಬ್ಬದ ಮೇಲೆಯೇ ನೆಡಬೇಕು. ತಗ್ಗಿನ ತೇವಕ್ಕೆ ಕೆಸುವನ್ನೂ, ಬಚ್ಚಲ ನೀರು ಹರಿಯುವ ಕಡೆಗೆ ಬಸಳೆಯನ್ನೂ, ಬೇಲಿಗೆ ತೊಂಡೆಯನ್ನೂ ಆರಿಸುವುದು ಲೇಸು. ಕೆಸುವಿನಲ್ಲಿ ಗಂಟಲು ಕೆರೆಸುವ ಆಕ್ಸಲೇಟ್ ಹರಳುಗಳಿರುವುದರಿಂದ ಅದನ್ನು ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಬೇಕು.

‘ವಿಟಮಿನ್ ಸೊಪ್ಪು’ ಎಂದು ಹೆಸರಾದ ಚಕ್ರಮುನಿಯ ವಿಷಯದಲ್ಲಿ ಎಚ್ಚರ ಅಗತ್ಯ. 1990ರ ದಶಕದ ನಡುವೆ ತೈವಾನಿನಲ್ಲಿ ತೂಕ ಇಳಿಸಿಕೊಳ್ಳಲು ಇದರ ಹಸಿ ರಸವನ್ನು ವಾರಗಟ್ಟಲೆ ಕುಡಿದವರಲ್ಲಿ ಅನೇಕರ ಶ್ವಾಸಕೋಶಗಳು ಶಾಶ್ವತವಾಗಿ ಹಾನಿಗೊಂಡವು. ಆದುದರಿಂದ ಇದನ್ನು ಬೇಯಿಸಿ, ಇತರ ಸೊಪ್ಪುಗಳೊಡನೆ ಬೆರೆಸಿ, ಮಿತವಾಗಿ ಮಾತ್ರ ಬಳಸಬೇಕು.

2017ರಲ್ಲಿ ರಾಜ್ಯವ್ಯಾಪಿಯಾದ ‘ಮಾತೃಪೂರ್ಣ’ ಯೋಜನೆಯಡಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಬಿಸಿಯೂಟ ಬಡಿಸಲು ಗೊತ್ತಾದ ಅಂಗನವಾಡಿಗಳ ಅಂಗಳದಲ್ಲೇ ಈ ಗಿಡಗಳಿರುವುದು ಯುಕ್ತ. ನುಗ್ಗೆಯ ಬಲಿತ ಟೊಂಗೆಯೊಂದನ್ನು ಮಳೆಗಾಲದ ಆರಂಭದಲ್ಲಿ ಊರಿ, ಚಿಗುರಿ ಬೆಳೆದ ಮೇಲೆ ಒಂದು ಮೀಟರ್ ಎತ್ತರದಲ್ಲಿ ಕತ್ತರಿಸುತ್ತ ಹೋದರೆ, ಏಣಿಯ ಹಂಗಿಲ್ಲದೆ ಅಡುಗೆಯವರ ಕೈಗೆ ಎಳೆಸೊಪ್ಪು ಸಿಗುತ್ತದೆ.